ಡಾ. ಗೋವಿಂದಪ್ಪ ವೆಂಕಟಸ್ವಾಮಿ
ಕೀಲುವಾತದ ವೈದ್ಯನಾದ ನನಗೆ ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರ (1918–2006) ಭಾವಚಿತ್ರದಲ್ಲಿ ಮೊದಲು ಕಾಣುವುದು ಸೊಟ್ಟಗಾದ ಬೆರಳುಗಳು. ಪ್ರಸೂತಿತಜ್ಞರಾಗಬೇಕೆಂದಿದ್ದ ಅವರನ್ನು ರುಮಟಾಯ್ಡ್ ಸಂಧಿವಾತ ಹಾಸಿಗೆ ಹಿಡಿಸಿತು. ಚೇತರಿಸಿಕೊಂಡು ನೇತ್ರವೈದ್ಯಕೀಯ ಕಲಿತ ಅವರು ಅದೇ ಕೈಗಳಿಂದ ಲಕ್ಷಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆ ನಡೆಸಿದರು. ಇಂತಹ ಬೆರಳುಗಳು ಅಂಗಿಯ ಗುಂಡಿ ಹಾಕಲೂ ಒದ್ದಾಡುವುದನ್ನು ನಾನು ದಿನವೂ ನೋಡುತ್ತೇನೆ.

ಭಾರತದಲ್ಲಿ ಅಂಧತ್ವಕ್ಕೆ ಮುಖ್ಯ ಕಾರಣ ಕಣ್ಣಿನ ಪೊರೆ. ಅದನ್ನು ತೆಗೆಯುವ ವಿದ್ಯೆ ಇತ್ತು. ಬಡವರ ಬಳಿಗೆ ಅದು ತಲುಪುತ್ತಿರಲಿಲ್ಲ. ಸರ್ಕಾರಿ ಸೇವೆಯಿಂದ ನಿವೃತ್ತರಾದ ಅವರು 1976ರಲ್ಲಿ ಮಧುರೈಯಲ್ಲಿ 11 ಹಾಸಿಗೆಗಳ ಅರವಿಂದ್ ಕಣ್ಣಾಸ್ಪತ್ರೆ ತೆರೆದರು. ಉಳ್ಳವರ ಶುಲ್ಕದಿಂದ ಇಲ್ಲದವರಿಗೆ ಉಚಿತ ಚಿಕಿತ್ಸೆ ಸಾಗಿತು. ಕೃತಕ ಮಸೂರದ ಆಮದು ದುಬಾರಿಯಾಗಿದ್ದರಿಂದ 1992ರಲ್ಲಿ ಆರೋಲ್ಯಾಬ್ ಸ್ಥಾಪನೆಯಾಗಿ, ಅಗ್ಗದ ಮಸೂರ ಅಲ್ಲಿಯೇ ತಯಾರಾಯಿತು. ಅವಿವಾಹಿತರಾಗಿಯೇ ಉಳಿದ ಅವರು ಒಡಹುಟ್ಟಿದವರನ್ನೂ ಈ ಕೆಲಸಕ್ಕೆ ಸೆಳೆದುಕೊಂಡರು.