ನಾಗರಹಾವೋ, ಕೇರೆಹಾವೋ? ನಮ್ಮ ತ.ರಾ.ಸು. ಕತೆ

ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹತ್ತು ಜನರನ್ನು ಚಾಮಯ್ಯ ಮೇಷ್ಟ್ರು ಯಾರು ಅಂತ ಕೇಳಿ ನೋಡಿ. ಹತ್ತೂ ಜನ ಹೇಳುತ್ತಾರೆ. ರಾಮಾಚಾರಿ ಯಾರು ಅಂತ ಕೇಳಿದರಂತೂ ಎಳೆ ಮಕ್ಕಳೂ ವಿಷ್ಣುವರ್ಧನ್ ಹೆಸರು ಹೇಳುತ್ತವೆ. ಆದರೆ ಆ ಮೇಷ್ಟ್ರನ್ನೂ ಆ ಮುಂಗೋಪಿ ಹುಡುಗನನ್ನೂ ಮೊದಲು ಕಾಗದದ ಮೇಲೆ ಹುಟ್ಟಿಸಿದವರು ಯಾರು ಅಂದರೆ ಅರ್ಧಕ್ಕರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ.

ಟಿ.ವಿ.ಯಲ್ಲಿ ನಾಗರಹಾವು ಬಂತೆಂದರೆ ಮರುದಿನ ಅಂಗಡಿ ಕಟ್ಟೆಯ ಮೇಲೆ ಒಂದು ವಾದ ಏಳುವುದುಂಟು. ಕಾದಂಬರಿ ಮೇಲೋ, ಸಿನಿಮಾ ಮೇಲೋ? ಕಾದಂಬರಿ ಓದಿದವರು ಇಬ್ಬರು, ಸಿನಿಮಾ ನೋಡಿದವರು ಇಪ್ಪತ್ತು. ತೀರ್ಪು ಯಾವ ಕಡೆಗೆ ಅಂತ ಬೇರೆ ಹೇಳಬೇಕೇ ಸ್ವಾಮಿ? ಅದಕ್ಕೇ ಇವತ್ತು ಈ ಅಂಕಣದಲ್ಲಿ ಬರೆದವರ ಕತೆ.

ಪೂರ್ತಿ ಹೆಸರು ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಓದುಗರ ಬಾಯಲ್ಲಿ ತ.ರಾ.ಸು. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಹುಟ್ಟಿದ್ದು 1920ರಲ್ಲಿ ಮಲೇಬೆನ್ನೂರಿನಲ್ಲಿ. ಆ ಊರು ಆಗ ನಮ್ಮ ಜಿಲ್ಲೆಗೇ ಸೇರಿತ್ತು, 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದಾಗ ಅತ್ತ ಹೋಯಿತು. ಕನ್ನಡ ಇವರಿಗೆ ಮನೆಯ ಆಸ್ತಿ. ಕುವೆಂಪು ಅವರಂಥವರು ತಮ್ಮ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರು ಇವರಿಗೆ ದೊಡ್ಡಪ್ಪ.

ಆಸ್ತಿ ಇದ್ದರೂ ಹುಡುಗ ತಣ್ಣಗೆ ಕೂತವನಲ್ಲ. 1942ರ ಚಳವಳಿಯಲ್ಲಿ ಓದು ಬಿಟ್ಟು ಬೀದಿಗಿಳಿದರು, ಜೈಲು ಕಂಡರು. ಹೊರಗೆ ಬಂದ ಮೇಲೆ ಪತ್ರಿಕೆಗಳಲ್ಲಿ ದುಡಿದರು. ಅ.ನ.ಕೃ. ಮುಂದಾಳಾಗಿದ್ದ ಪ್ರಗತಿಶೀಲರ ಗುಂಪು ಸೇರಿದರು. ಸಂಬಳ ನೆಚ್ಚದೆ ಲೇಖನಿಯನ್ನೇ ನೆಚ್ಚಿ ಸಂಸಾರ ತೂಗಿಸುವುದು ಅಂದೂ ಸುಲಭವಿರಲಿಲ್ಲ, ಇಂದೂ ಇಲ್ಲ. ಅವರು ಅದನ್ನೇ ಮಾಡಿದರು.

ದುರ್ಗದ ಪಾಳೆಯಗಾರರ ಚರಿತ್ರೆಯನ್ನು ಮನೆಮನೆಯ ಓದಾಗಿ ಮಾಡಿದವರು ಅವರೇ. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ, ಹೊಸಹಗಲು, ವಿಜಯೋತ್ಸವ, ರಾಜ್ಯದಾಹ, ಕಸ್ತೂರಿ ಕಂಕಣ ಹೀಗೆ ಒಂದರ ಹಿಂದೊಂದು ಬಂದವು. ದಿನವೂ ನಾವು ತಲೆ ಎತ್ತಿ ನೋಡಿ ಸುಮ್ಮನಾಗುವ ಏಳು ಸುತ್ತಿನ ಕೋಟೆಯ ಕಲ್ಲುಗಳಿಗೆ ಬಾಯಿ ಬರಿಸಿದರು ಅಂದರೆ ತಪ್ಪಲ್ಲ.

ಇನ್ನು ಬೆಳ್ಳಿತೆರೆಯ ವಿಚಾರ. ಇವರ ಪುಸ್ತಕದ ಮೇಲೆ ಮೊದಲು ಕಣ್ಣು ಬಿದ್ದದ್ದು ಬೊಂಬಾಯಿಯವರದು ಅಂದರೆ ನಂಬುತ್ತೀರಾ? ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕತೆಯಾದ ಹಂಸಗೀತೆ 1956ರಲ್ಲಿ ಹಿಂದಿಯ ಬಸಂತ್ ಬಹಾರ್ ಆಯಿತು. ನಮ್ಮ ಗದಗಿನ ಕಡೆಯ ಭೀಮಸೇನ ಜೋಶಿಯವರು ಅದರಲ್ಲಿ ಮನ್ನಾ ಡೇ ಜೊತೆ ಹಾಡಿದರು. 1975ರಲ್ಲಿ ಅದೇ ಪುಸ್ತಕವನ್ನು ಜಿ.ವಿ. ಅಯ್ಯರ್ ಕನ್ನಡದಲ್ಲಿ ತೆಗೆದರು. ಅನಂತನಾಗ್ ನಟನೆ, ಬಾಲಮುರಳೀಕೃಷ್ಣ ಗಾಯನ, ಗಾಯನಕ್ಕೆ ರಾಷ್ಟ್ರ ಪ್ರಶಸ್ತಿ. ಪುಸ್ತಕ ಒಂದು, ಚಿತ್ರ ಎರಡು. ಹಿಂದಿಯದು ಹಾಡಿನ ಹಬ್ಬ, ಕನ್ನಡದ್ದು ಒಬ್ಬ ಕಲಾವಿದನ ಒಳಗುದಿ. ಕೈಯಿಂದ ಕೈಗೆ ಹೋದರೆ ಕತೆ ಹೇಗೆ ಬೇರೆ ಬೇರೆ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ನಡುವೆ 1964ರಲ್ಲಿ ರಾಜಕುಮಾರ್ ನಟಿಸಿದ ಚಂದವಳ್ಳಿಯ ತೋಟ ಬಂದು ರಾಷ್ಟ್ರ ಪ್ರಶಸ್ತಿ ತಂದಿತ್ತು. 1972ರಲ್ಲಿ ಬಂತು ನಾಗರಹಾವು. ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ, ಈ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಒಂದೇ ಚಿತ್ರ ಮಾಡಿದರು. ವಿಷ್ಣುವರ್ಧನ್ ನಾಯಕರಾದರು, ಅಂಬರೀಶ್ ತೆರೆಗೆ ಬಂದರು, ಅಶ್ವಥ್ ಚಾಮಯ್ಯ ಮೇಷ್ಟ್ರೇ ಆಗಿಹೋದರು. ಊರೂರಿನಲ್ಲೂ ಜನ ಮುಗಿಬಿದ್ದರು.

ಜನ ಮೆಚ್ಚಿದರು, ಬರೆದವರು ಮೆಚ್ಚಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಅಂದರೆಂಬುದು ನಾಡೆಲ್ಲ ಬಲ್ಲ ಮಾತು. ಕೇರೆಹಾವು ಅಂದರೆ ಗೊತ್ತಲ್ಲ, ಉದ್ದ ಉಂಟು, ಓಟ ಉಂಟು, ವಿಷ ಮಾತ್ರ ಇಲ್ಲ.

ಈ ಸಿಟ್ಟನ್ನು ಕೆಲವರು ಹೊಟ್ಟೆಕಿಚ್ಚು ಅಂತ ತಳ್ಳಿಹಾಕುತ್ತಾರೆ. ಅದು ಸರಿಯಲ್ಲ. ವ್ಯಾಪಾರದ ಲೆಕ್ಕದಲ್ಲೇ ನೋಡೋಣ. ಮೂರು ಮೂಟೆ ಸರಕನ್ನು ಒಂದೇ ಚೀಲಕ್ಕೆ ತುಂಬಿದರೆ ಏನಾಗುತ್ತೆ? ಚೀಲ ಚೆನ್ನಾಗಿ ಕಾಣಬಹುದು, ಆದರೆ ಎಷ್ಟೋ ಸರಕು ಹೊರಗೇ ಉಳಿಯುತ್ತೆ. ಹುಡುಗನೊಬ್ಬ ಯಾಕೆ ಹೀಗೆ ಬುಸುಗುಡುತ್ತಾನೆ ಅಂತ ಕಾದಂಬರಿಕಾರ ಪುಟಗಟ್ಟಲೆ ನಿಧಾನವಾಗಿ ಬಿಡಿಸಿ ಹೇಳಬಲ್ಲ. ಸಿನಿಮಾದವನಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಇರುವ ಮೂರು ಗಂಟೆಯಲ್ಲಿ ಹಾಡು, ಜಗಳ, ಕಣ್ಣೀರು ಎಲ್ಲವೂ ಆಗಬೇಕು.

ಹಾಗಂತ ಪುಟ್ಟಣ್ಣನವರ ಕೈಯನ್ನೂ ಹಳಿಯುವಂತಿಲ್ಲ. ಬಂಡೆಯ ಮೇಲೆ ನಿಂತ ಹುಡುಗನ ಕಣ್ಣಿನಲ್ಲಿ ಅವರು ತೋರಿಸಿದ ಬೆಂಕಿ ಅಕ್ಷರಕ್ಕೆ ಸಿಕ್ಕುವುದು ಕಷ್ಟ. ಜಯಂತಿಯವರು ಓಬವ್ವನಾಗಿ ಒನಕೆ ಎತ್ತಿದ ಆ ಕೆಲವು ನಿಮಿಷಗಳಿಂದ ಕೋಟೆಯನ್ನೇ ಕಾಣದವರಿಗೂ ಓಬವ್ವ ಮನೆಮಗಳಾದಳು. ಪುಸ್ತಕ ಓದಲು ಬಾರದ ತಾಯಂದಿರೂ ರಾಮಾಚಾರಿಗಾಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಇದೇನು ಸಣ್ಣ ಲಾಭವೇ?

ಬರೆದವರ ಮುನಿಸು ಸಿನಿಮಾ ಎಂಬುದರ ಮೇಲೇ ಇರಲಿಲ್ಲ. ಗಾಳಿಮಾತು 1981ರಲ್ಲಿ, ಬೆಂಕಿಯ ಬಲೆ 1983ರಲ್ಲಿ ತೆರೆಗೆ ಬಂದವು, ಎರಡೂ ದೊರೆ-ಭಗವಾನ್ ಜೋಡಿಯವು. ಈ ಹೊತ್ತಿಗೆ ಅವರು ತಮ್ಮ ದೊಡ್ಡ ಕೆಲಸ ದುರ್ಗಾಸ್ತಮಾನದಲ್ಲಿ ಮುಳುಗಿದ್ದವರು. ಕೊನೆಯ ಮದಕರಿ ನಾಯಕನ ಕಾಲ, 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬಿದ್ದ ಕತೆ. ಬರೆದು ಮುಗಿಸಿದರು, 1984ರ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿದರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ತೆಗೆದುಕೊಳ್ಳಲು ಅವರಿರಲಿಲ್ಲ.

ವಿಧಿಯ ಆಟ ನೋಡಿ. ಕೇರೆಹಾವು ಅನ್ನಿಸಿಕೊಂಡ ಅದೇ ಪುಟ್ಟಣ್ಣ ತಮ್ಮ ಕೊನೆಯ ಚಿತ್ರಕ್ಕೆ ಆರಿಸಿಕೊಂಡದ್ದು ಇದೇ ತ.ರಾ.ಸು. ಅವರ ಮಸಣದ ಹೂವು. ಅದು ಮುಗಿಯುವ ಮೊದಲೇ 1985ರ ಜೂನ್‌ನಲ್ಲಿ ಅವರೂ ಹೋದರು. ಉಳಿದ ಕೆಲಸ ಪೂರೈಸಿದವರು ಕೆ.ಎಸ್.ಎಲ್. ಸ್ವಾಮಿ. ಬಾಯಿಯ ಮುನಿಸು ಏನೇ ಇರಲಿ, ಆ ಲೇಖನಿಯ ಬೆಲೆ ಪುಟ್ಟಣ್ಣನವರಿಗೆ ಗೊತ್ತಿತ್ತು. ಮುಂದೆ 1993ರ ಆಕಸ್ಮಿಕಕ್ಕೂ ತ.ರಾ.ಸು. ಅವರ ಮೂರು ಕಾದಂಬರಿಗಳೇ ಬಂಡವಾಳ. ಮತ್ತೆ ಮೂರು ಮೂಟೆ, ಒಂದು ಚೀಲ!

ಕಟ್ಟೆಯ ವಾದಕ್ಕೆ ನಮ್ಮ ಪಾಲಿನ ತೀರ್ಪು ಇಷ್ಟೇ. ಸಿನಿಮಾ ನೋಡಿ ಸಿನಿಮಾ ಮೆಚ್ಚಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಪುಸ್ತಕ ಬಿಚ್ಚಿಯೂ ನೋಡದೆ ಅದನ್ನು ತೂಗಬೇಡಿ. ತಕ್ಕಡಿಯ ಒಂದೇ ತಟ್ಟೆಗೆ ಸರಕು ಹಾಕಿ ದರ ಹೇಳುವ ಅಂಗಡಿಯವ ನಮ್ಮೂರಲ್ಲಿ ಇದ್ದಾನೆಯೇ? 2018ರಲ್ಲಿ ನಾಗರಹಾವು ಹೊಸ ಬಣ್ಣ, ಹೊಸ ಧ್ವನಿಯಲ್ಲಿ ಮತ್ತೆ ಥಿಯೇಟರಿಗೆ ಬಂತು, ಮಕ್ಕಳು ಮೊಮ್ಮಕ್ಕಳೂ ಶಿಳ್ಳೆ ಹಾಕಿದರು. ಒಳ್ಳೆಯದೇ. ಆ ಮಕ್ಕಳ ಕೈಗೆ ಮೂಲ ಪುಸ್ತಕ ಕೊಡುವವರು ಯಾರು? ಇವರ ಕಾದಂಬರಿಗಳು ಜಿಲ್ಲೆಯ ಎಲ್ಲ ಶಾಲೆ, ಲೈಬ್ರರಿಗಳ ಕಪಾಟಿನಲ್ಲಿ ಕೈಗೆಟುಕುವಂತೆ ಇರಬೇಕು. ನಮ್ಮೂರಿನ ಚರಿತ್ರೆ ಬರೆದವರು ಟಿ.ವಿ.ಯಲ್ಲಿ ಎರಡು ಕ್ಷಣ ಮಿಂಚಿ ಮರೆಯಾಗುವ ಒಂದು ಹೆಸರಾಗಿ ಉಳಿದರೆ ನಷ್ಟ ಅವರಿಗಲ್ಲ ಸ್ವಾಮಿ, ದುರ್ಗಕ್ಕೆ.