ಪಾದರಸವನ್ನು ಅಳೆದ ವಿಜ್ಞಾನಿ

ಪಾದರಸವು ನಮ್ಮ ನಾಡಿಗೆ ಹೊಸದಲ್ಲ. ಭಾರತದ ಪ್ರಾಚೀನ ರಸಶಾಸ್ತ್ರಜ್ಞರು ಅದನ್ನು ರಸವೆಂದೇ ಕರೆದು ಬಹಳ ಗೌರವದ ಸ್ಥಾನವನ್ನು ಕೊಟ್ಟಿದ್ದರು. ಖಾನಾಪುರ ತಾಲೂಕಿನ ಗುಂಜಿಯಂತಹ ಹಳ್ಳಿಗಳ ಜನರಿಗೂ ವೈದ್ಯರು ಜ್ವರ ನೋಡುತ್ತಿದ್ದ ಉಷ್ಣತಾಮಾಪಕದ ಮೂಲಕ ಅದರ ಪರಿಚಯವುಂಟು. ಬೆಳ್ಳಿಯಂತೆ ಹೊಳೆಯುವ ಈ ದ್ರವಲೋಹವು ಹಿಡಿಯಹೋದರೆ ಹನಿಹನಿಯಾಗಿ ಜಾರಿಹೋಗುತ್ತದೆ. ಅದರ ಹೊಳಪು ಕಣ್ಣಿಗೆ ಕಾಣುತ್ತದೆ. ಆದರೆ ಅದರಿಂದ ಮೆಲ್ಲಗೆ ಏಳುವ ಆವಿ ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು. ಆ ಕಾಣದ ವಿಷಕ್ಕೆ ತಾನೇ ತುತ್ತಾಗಿ, ಅದನ್ನು ಅಳೆಯುವ ವಿಧಾನವನ್ನು ರೂಪಿಸಿ, ಜಗತ್ತನ್ನು ಎಚ್ಚರಿಸಿದ ವಿಜ್ಞಾನಿ ಜರ್ಮನಿಯ ಆಲ್ಫ್ರೆಡ್ ಸ್ಟಾಕ್.

ಸ್ಟಾಕ್ 1876ರ ಜುಲೈ 16ರಂದು ಡಾನ್‌ಜಿಗ್ ನಗರದಲ್ಲಿ ಜನಿಸಿದನು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದ ಬಳಿಕ ಪ್ಯಾರಿಸ್ ನಗರಕ್ಕೆ ತೆರಳಿ, ಪ್ರಸಿದ್ಧ ವಿಜ್ಞಾನಿ ಹೆನ್ರಿ ಮ್ವಾಸಾನನ ಬಳಿ ಕೆಲಕಾಲ ದುಡಿದನು. ಮುಂದೆ ಬ್ರೆಸ್ಲೌ ಮತ್ತು ಬರ್ಲಿನ್ ನಗರಗಳಲ್ಲಿ ಸಂಶೋಧನೆಯನ್ನು ಮುಂದುವರಿಸಿದನು. ಬೋರಾನ್ ಮತ್ತು ಸಿಲಿಕಾನ್ ಧಾತುಗಳು ಜಲಜನಕದೊಡನೆ ಕೂಡಿ ಆಗುವ ಸಂಯುಕ್ತಗಳು ಆತನ ಅಧ್ಯಯನದ ವಿಷಯವಾಗಿದ್ದವು. ಇವುಗಳಲ್ಲಿ ಹಲವು ಗಾಳಿ ಸೋಕಿದೊಡನೆ ಹೊತ್ತಿ ಉರಿಯುವಂಥವು. ಆದುದರಿಂದ ಗಾಳಿಯ ಸುಳಿವೇ ಇಲ್ಲದ ಗಾಜಿನ ನಿರ್ವಾತ ಉಪಕರಣವನ್ನು ಆತನು ನಿರ್ಮಿಸಿದನು. ಸಾಮಾನ್ಯ ಕವಾಟಗಳಿಗೆ ಹಚ್ಚುವ ಜಿಡ್ಡನ್ನು ಆ ಅನಿಲಗಳು ಕೆಡಿಸುತ್ತಿದ್ದುದರಿಂದ ಪಾದರಸದ ಕವಾಟಗಳನ್ನು ಅಳವಡಿಸಿದನು. ಈ ಸಾಧನೆಯಿಂದ ಆತನ ಕೀರ್ತಿ ದೇಶವಿದೇಶಗಳಲ್ಲಿ ಹಬ್ಬಿತು.

ಆದರೆ ಕೀರ್ತಿಯನ್ನು ತಂದ ಪಾದರಸವೇ ಆತನ ಆರೋಗ್ಯವನ್ನು ಕದಿಯುತ್ತಿತ್ತು. ತಲೆನೋವು, ತಲೆಸುತ್ತು, ಬಿಡದ ನೆಗಡಿ ಆತನನ್ನು ವರ್ಷಗಟ್ಟಲೆ ಕಾಡಿದವು. ಮೂಗಿಗೆ ನೋವಿನ ಚಿಕಿತ್ಸೆಗಳನ್ನು ಮಾಡಿಸಿಕೊಂಡರೂ ಗುಣ ಕಾಣಲಿಲ್ಲ. ಎಲ್ಲಕ್ಕಿಂತ ದಾರುಣವಾದುದು ನೆನಪಿನ ನಾಶ. ಪುಸ್ತಕದಲ್ಲಿ ನೋಡಿಕೊಂಡ ದೂರವಾಣಿ ಸಂಖ್ಯೆಯು ಉಪಕರಣದ ಬಳಿಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಪಾಠ ಹೇಳುವುದು ಕಷ್ಟವಾಯಿತು. ಜನರೊಡನೆ ಬೆರೆಯುವುದು ಬೇಡವಾಯಿತು. ಬುದ್ಧಿಯನ್ನೇ ಬಂಡವಾಳವಾಗಿ ಉಳ್ಳ ವಿದ್ವಾಂಸನಿಗೆ ಇದಕ್ಕಿಂತ ಮಿಗಿಲಾದ ನಷ್ಟ ಯಾವುದು? ಜೊತೆಗಾರರಲ್ಲಿಯೂ ಇಂಥವೇ ಲಕ್ಷಣಗಳು ಕಾಣಿಸಿಕೊಂಡವು. ಕೊನೆಗೆ 1924ರಲ್ಲಿ, ವಿಷವಿಜ್ಞಾನಿ ಲೂಯಿ ಲೆವಿನ್‌ನ ನೆರವಿನಿಂದ, ಪ್ರಯೋಗಾಲಯದ ಗಾಳಿಯಲ್ಲಿ ಬೆರೆತಿದ್ದ ಪಾದರಸದ ಆವಿಯೇ ಇದಕ್ಕೆಲ್ಲ ಮೂಲವೆಂದು ತಿಳಿಯಿತು.

ಕಾರಣವನ್ನು ತಿಳಿದರೆ ಸಾಲದು. ಅದನ್ನು ಪ್ರಮಾಣದಿಂದ ತೋರಿಸಬೇಕು. ಆದರೆ ಗಾಳಿಯಲ್ಲಿದ್ದ ಪಾದರಸವು ಯಾವ ತಕ್ಕಡಿಗೂ ಸಿಗದಷ್ಟು ಅಲ್ಪವಾಗಿತ್ತು. ಸ್ಟಾಕ್ ಎದೆಗುಂದಲಿಲ್ಲ. ಗಾಳಿಯನ್ನು ಅತಿಶೀತಲವಾದ ಕೊಳವೆಯ ಮೂಲಕ ಹಾಯಿಸಿ, ಅದರಲ್ಲಿದ್ದ ಪಾದರಸವು ಕೊಳವೆಯೊಳಗೆ ಹೆಪ್ಪುಗಟ್ಟುವಂತೆ ಮಾಡಿದನು. ಅದನ್ನು ಕರಗಿಸಿ, ದ್ರಾವಣದಿಂದ ತಾಮ್ರದ ತಂತಿಯ ಮೇಲೆ ಕೂಡಿಸಿದನು. ತಂತಿಯನ್ನು ಕಾಯಿಸಿದಾಗ ಹೊರಟ ಆವಿಯನ್ನು ತಣಿಸಿ, ಒಂದು ಸಣ್ಣ ಹನಿಯನ್ನಾಗಿ ಮಾಡಿ, ಸೂಕ್ಷ್ಮದರ್ಶಕದಡಿಯಲ್ಲಿ ಅದರ ವ್ಯಾಸವನ್ನು ಅಳೆದನು. ವ್ಯಾಸದಿಂದ ಗಾತ್ರವನ್ನೂ ಗಾತ್ರದಿಂದ ತೂಕವನ್ನೂ ಲೆಕ್ಕ ಹಾಕಿದನು. ಹೀಗೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾದ ಪಾದರಸವು ಅಳತೆಗೆ ಸಿಕ್ಕಿತು. ಮುಂದೆ ಆತನೂ ಆತನ ಸಹಾಯಕರೂ ಮೂತ್ರದಲ್ಲಿ, ಆಹಾರದಲ್ಲಿ, ನೀರಿನಲ್ಲಿ, ಕಲ್ಲು ಸಸ್ಯಗಳಲ್ಲಿ ಪಾದರಸವನ್ನು ಅರಸಿ ಅಳೆದರು.

1926ರಲ್ಲಿ ಸ್ಟಾಕ್ ತನ್ನ ಬೇನೆಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದನು. ಮರೆವಿನ ರೋಗವನ್ನು ಒಪ್ಪಿಕೊಳ್ಳುವುದರಿಂದ ವಿದ್ವಾಂಸನ ಗೌರವಕ್ಕೆ ಕುಂದು ಬರಬಹುದಾಗಿತ್ತು. ಇತರರು ಈ ಸಂಕಟಕ್ಕೆ ಸಿಲುಕಬಾರದೆಂಬುದೇ ಆತನಿಗೆ ಮುಖ್ಯವಾಯಿತು. ಹಲ್ಲಿನ ಕುಳಿಗಳಿಗೆ ತುಂಬುವ ಪಾದರಸದ ಮಿಶ್ರಲೋಹದ ಬಗೆಗೂ ಆತನು ಎಚ್ಚರಿಸಿದನು. ಈ ಮಾತು ದೊಡ್ಡ ವಾದವಿವಾದಕ್ಕೆ ಎಡೆಮಾಡಿತು. ಅದೇ ವರ್ಷ ಕಾರ್ಲ್ಸ್‌ರೂಹೆ ನಗರದಲ್ಲಿ ಪ್ರಾಧ್ಯಾಪಕನಾಗಿ, 1936ರವರೆಗೆ ಅಲ್ಲಿ ದುಡಿದನು. ಈ ಬಾಳಿನಲ್ಲಿ ಕಪ್ಪುಚುಕ್ಕೆಯೂ ಇಲ್ಲದಿಲ್ಲ: ಹಿಟ್ಲರನ ನಾತ್ಸಿ ಪಕ್ಷಕ್ಕೆ ಆತನು ಸೇರಿದ್ದನು. ಗಾಳಿಯ ವಿಷವನ್ನು ಕಂಡುಹಿಡಿದ ಕಣ್ಣಿಗೆ ಆ ವಿಷವು ಕಾಣದೆ ಹೋದುದು ವಿಷಾದದ ಸಂಗತಿ. ಮುಪ್ಪಿನಲ್ಲಿ ನಡೆದಾಡುವುದೂ ಕಷ್ಟವಾಗಿ, 1946ರ ಆಗಸ್ಟ್ 12ರಂದು ಆಕೆನ್ ಎಂಬ ಸಣ್ಣ ಊರಿನಲ್ಲಿ ಸ್ಟಾಕ್ ತೀರಿಕೊಂಡನು.

ಆತನು ಸತ್ತ ಹತ್ತು ವರ್ಷಗಳಲ್ಲಿಯೇ, 1956ರಲ್ಲಿ, ಜಪಾನಿನ ಮಿನಮಾಟದಲ್ಲಿ ಒಂದು ವಿಚಿತ್ರ ರೋಗವು ಬೆಳಕಿಗೆ ಬಂದಿತು. ಕಾರ್ಖಾನೆಯು ಕಡಲಿಗೆ ಬಿಟ್ಟ ಪಾದರಸವು ಮೀನುಗಳ ಮೂಲಕ ಮನುಷ್ಯರ ದೇಹವನ್ನು ಸೇರಿತ್ತು. ಕೆಸರು, ಮೀನು, ರೋಗಿಗಳ ಕೂದಲು ಇವುಗಳಲ್ಲಿದ್ದ ಪಾದರಸವನ್ನು ಅಳೆದುದರಿಂದಲೇ ಸತ್ಯವು ಸ್ಥಿರಪಟ್ಟಿತು. ನಮ್ಮ ಕರ್ನಾಟಕದಲ್ಲಿಯೂ, ಕಾರವಾರದ ಬಳಿಯ ಬಿಣಗಾದಲ್ಲಿ ಪಾದರಸವನ್ನು ಬಳಸುತ್ತಿದ್ದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸಮೀಪದ ಕಡಲಿನಲ್ಲಿ ವಿಜ್ಞಾನಿಗಳು ಇಂತಹ ಪರೀಕ್ಷೆಗಳನ್ನು ನಡೆಸಿದರು. ಪಾದರಸದ ಬಳಕೆಯನ್ನು ತಗ್ಗಿಸಲು 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟದ ಹೆಸರನ್ನೇ ಇಡಲಾಯಿತು; 2018ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು. ಇಂದಿನ ಸೂಕ್ಷ್ಮ ಯಂತ್ರಗಳು ಸ್ಟಾಕ್‌ನ ವಿಧಾನವನ್ನು ಹಿಂದೆ ಹಾಕಿವೆ. ಆದರೆ ಕಣ್ಣಿಗೆ ಕಾಣದುದನ್ನು ಇಲ್ಲವೆನ್ನದೆ ಅಳೆದು ನೋಡಬೇಕೆಂದು ಆತನು ತನ್ನ ನೋವಿನಿಂದ ಕಲಿತ ಪಾಠವು ಹಳೆಯದಾಗುವಂಥದಲ್ಲ.