ಶಾಲೆ ತಪಾಸಣೆಗೆ ಬಂದರು, ಊರ ಕಲ್ಲು ಓದಿದರು: ಶಾಸನ ಪಿತಾಮಹ ಬಿ.ಎಲ್. ರೈಸ್

ಹೊಸನಗರ: ನಿಟ್ಟೂರು ಕಡೆಯ ಮಕ್ಕಳು ಪಾಠದಲ್ಲಿ ಜೈನ, ಬೌದ್ಧ ಧರ್ಮದ ಬಗ್ಗೆ ಓದುತ್ತಾರೆ. ಮಗಧ, ವೈಶಾಲಿ ಅಂತ ಹೆಸರು ಬರೆದುಕೊಳ್ಳುತ್ತಾರೆ. ಆದರೆ ಅದೇ ಇತಿಹಾಸ ಇದೇ ತಾಲ್ಲೂಕಿನ ಹುಂಚದ ಕಲ್ಲುಗಳ ಮೇಲೂ ಇದೆ. ಆ ಕಲ್ಲುಗಳ ಬರಹವನ್ನು ಪುಸ್ತಕಕ್ಕೆ ತಂದವರು ಬೆಂಜಮಿನ್ ಲೂಯಿ ರೈಸ್.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಲ್ಲೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಚೆನ್ನಾಗಿ ಬಲ್ಲವರು. ಇಂಗ್ಲೆಂಡಿನಲ್ಲಿ ಓದು ಮುಗಿಸಿದ ಮಗ 1860ರಲ್ಲಿ ಬೆಂಗಳೂರು ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಬಂದರು. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜ್ ಆಯಿತು. ಕೆಲವೇ ವರ್ಷದಲ್ಲಿ ಮೈಸೂರು, ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು, ಆಮೇಲೆ ವಿದ್ಯಾ ಇಲಾಖೆಯ ನಿರ್ದೇಶಕರೂ ಆದರು.

ಊರೂರು ಸುತ್ತುವ ಕೆಲಸ. ಹೋದಲ್ಲೆಲ್ಲ ಗುಡಿ, ಬಸದಿ, ಕೆರೆ ಏರಿ ಮೇಲೆ ಅಕ್ಷರ ಕೆತ್ತಿದ ಕಲ್ಲು ಕಣ್ಣಿಗೆ ಬೀಳುತ್ತಿದ್ದವು. ಅವುಗಳ ಹಳಗನ್ನಡ ಊರವರಿಗೆ ಅರ್ಥವಾಗುತ್ತಿರಲಿಲ್ಲ. ಮೇಜರ್ ಡಿಕ್ಸನ್ ತೆಗೆದ ಶಾಸನದ ಫೋಟೋಗಳನ್ನು ಓದಿ ಅನುವಾದಿಸುವ ಕೆಲಸವೂ ರೈಸ್ ಅವರ ಪಾಲಿಗೆ ಬಂತು. ಪಂಡಿತರನ್ನು ಜೊತೆಗಿಟ್ಟುಕೊಂಡು ಕೂತರು. 1879ರಲ್ಲಿ ಮೊದಲ ಶಾಸನ ಪುಸ್ತಕ ಹೊರಬಂತು.

1890ರಲ್ಲಿ ಅವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಗೆ ಪೂರ್ಣಾವಧಿ ನಿರ್ದೇಶಕರಾದರು. ಸಿಬ್ಬಂದಿ ಕಲ್ಲಿನ ಪಾಚಿ ತೆಗೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆಯುತ್ತಿದ್ದರು. ಹೀಗೆ 12 ಸಂಪುಟದ 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ಸುಮಾರು 9,000 ಶಾಸನ ಸೇರಿದವು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳದ್ದು 8ನೇ ಸಂಪುಟ, ಬಂದಿದ್ದು 1904ರಲ್ಲಿ. ಆಗಿನ ನಗರ ತಾಲ್ಲೂಕೇ ಈಗಿನ ಹೊಸನಗರ.

ಅದರಲ್ಲಿ ಏನೇನಿದೆ ನೋಡಿ. ಹುಂಚದಲ್ಲಿ 1077ರಲ್ಲಿ ಚಟ್ಟಲದೇವಿ ಪಂಚಕೂಟ ಬಸದಿ ಕಟ್ಟಿಸಿದ ಸಂಗತಿ ಇದೆ. ಅದಕ್ಕೂ ಮೊದಲಿನ 7ನೇ ಸಂಪುಟದಲ್ಲಿ ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ ಸಿಗುತ್ತದೆ. ಅದು ಶೈವ ಮಠ. ಆದರೂ ವೇದ, ವ್ಯಾಕರಣ, ಸಾಂಖ್ಯದ ಜೊತೆ ಬೌದ್ಧ ದರ್ಶನವನ್ನೂ ಅಲ್ಲಿ ಪಾಠ ಹೇಳುತ್ತಿದ್ದರು. ಜೈನರೂ ಸೇರಿ ನಾನಾ ಪಂಥದ ಭಿಕ್ಷುಗಳಿಗೆ, ಕುರುಡರಿಗೆ, ಕುಂಟರಿಗೆ ಊಟ, ಕಾಯಿಲೆಯವರಿಗೆ ಔಷಧಿ ಇತ್ತು.

ಪಾದ್ರಿಯ ಮಗನಾದ ರೈಸ್ ಬಸದಿ, ಮಠ, ಗುಡಿಯ ಬರಹವನ್ನೆಲ್ಲ ಒಂದೇ ಶ್ರದ್ಧೆಯಿಂದ ಅಚ್ಚು ಹಾಕಿಸಿದರು. ಜೈನ ಕವಿ ಪಂಪನ ಭಾರತವನ್ನೂ, 'ಕವಿರಾಜಮಾರ್ಗ'ವನ್ನೂ ಸಂಪಾದಿಸಿದರು. ಮೊಳಕಾಲ್ಮೂರು ಕಡೆ 1892ರಲ್ಲಿ ಅಶೋಕನ ಶಾಸನ ಗುರುತಿಸಿದ್ದೂ ಅವರೇ. ಅದರಿಂದ ಮೌರ್ಯರ ಆಳ್ವಿಕೆ ಕನ್ನಡ ನಾಡಿನವರೆಗೂ ಚಾಚಿತ್ತು ಅಂತ ಖಚಿತವಾಯಿತು.

1906ರಲ್ಲಿ ನಿವೃತ್ತಿಯಾಗಿ ಇಂಗ್ಲೆಂಡಿಗೆ ಹೋದ ರೈಸ್ 1927ರಲ್ಲಿ ಹ್ಯಾರೋದಲ್ಲಿ ತೀರಿಕೊಂಡರು.

ಅವರ ಸಂಪುಟದಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ನಂಬರ್ ಇದೆ, ಸಿಕ್ಕಿದ ಊರು, ಜಾಗವೂ ಇದೆ. ಮೇಷ್ಟ್ರು ಆ ಪುಟ ಹಿಡಿದು ಮಕ್ಕಳನ್ನು ಹುಂಚಕ್ಕೆ ಕರೆದುಕೊಂಡು ಹೋದರೆ ಕಲ್ಲೇ ಪಾಠ ಹೇಳುತ್ತದೆ. ಗದ್ದೆ ಬದುವಿನ, ಗುಡಿ ಹಿಂದಿನ ಅಕ್ಷರದ ಕಲ್ಲನ್ನು ಬಟ್ಟೆ ಒಗೆಯಲೋ ಪಾಯಕ್ಕೋ ಬಳಸುವ ಮುಂಚೆ ಒಮ್ಮೆ ನೋಡುವುದು ಒಳ್ಳೆಯದು. ಒಡೆದ ಕಲ್ಲಿಗೆ ಎರಡನೇ ಪ್ರತಿ ಇರುವುದಿಲ್ಲ.